ಹೂವಿನ ಟೊಪ್ಪಿಯೊಳಗಿನ ಕೆಂಪು ಕಣ್ಣು

ಕೀಂ... ಕೀಂ... ಕೀಂ...!

ಹನ್ನೆರಡು ದಿನದ ಕೂಸು ಬೆಚ್ಚಿಬಿದ್ದು ಅತ್ತಿತು. ಸಾಂಬ್ರಾಣಿ ಹೊಗೆಗೆ ಕೂದಲು ಬಿಚ್ಚಿ ಕೂತಿದ್ದ ಬಾಣಂತಿ ಈಶ್ವರಿ ಗಾಬರಿಯಲ್ಲಿ ಎದ್ದು ನಿಂತಳು. ಕೆಂಡದ ಧೂಪದಾನಿಯನ್ನು ನೆಲಕ್ಕಿಟ್ಟು ನಿಶ್ಮಿತಾ ಹೊರಗೆ ಓಡಿದಳು.

ಬಾಗಿಲಾಚೆ ಏಣಿಯ ಮೇಲೆ ಒಬ್ಬ ಅಪರಿಚಿತ! ಅವನ ಒಂದು ಕೈ ತಲೆಮೇಲಿನ ಮಾಡಿಗೆ ಅಂಟಿದ್ದ ಹೊಗೆ ಅಲಾರಂ ಮೇಲಿತ್ತು. ಇನ್ನೊಂದು ಕೈಯಲ್ಲಿ ಅದರಿಂದ ಬಿಚ್ಚಿದ ಗುಲಾಬಿ ಹೂವಿನ ಪ್ಲಾಸ್ಟಿಕ್ ಟೊಪ್ಪಿ, ಹೆಂಗಸರು ಸ್ನಾನಕ್ಕೆ ತಲೆಗೆ ಹಾಕುವಂಥದ್ದು.

"ಎಂತ ಮಾಡ್ತಾ ಇದ್ದೀರಿ ನೀವು? ಒಳಗೆ ಬಾಣಂತಿ ಇದ್ದಾರೆ!"

ಅವನು ಗುಂಡಿ ಒತ್ತಿ ಕೂಗು ನಿಲ್ಲಿಸಿದ. ಮೆಲ್ಲಗೆ ಕೆಳಗೆ ನೋಡಿದ.

"ಇದನ್ನು ಕಟ್ಟಿದ್ದು ಯಾರು?"

"ನಾನು. ಮನೆಯ ಒಂಬತ್ತು ಅಲಾರಂಗೂ ಕಟ್ಟಿದ್ದೇನೆ. ದಿನಾ ಧೂಪ ಹಾಕುವ ಮನೆ ಇದು. ಬಿಟ್ಟರೆ ದಿನಾ ಬೊಬ್ಬೆ ಹೊಡೀತದೆ."

"ಮಗು ಇರುವ ಮನೆಯಲ್ಲಿ...!" ಅವನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. "ನಿಮಗೆ ಹೆದರಿಕೆ ಆಗುದಿಲ್ವಾ?"

ಎಂಥ ಅಹಂಕಾರ! ನಿಶ್ಮಿತಾಳ ಕಣ್ಣು ಉರಿಯಿತು. ಹೊಗೆಗೋ, ಸಿಟ್ಟಿಗೋ... ಅವಳಿಗೇ ತಿಳಿಯಲಿಲ್ಲ.

ಅವನ ಹೆಸರು ವಿಜೇತ್. ಏಳು ವರ್ಷ ಗಲ್ಫಿನಲ್ಲಿದ್ದು ಬಂದು, ಉಪ್ಪಳದಲ್ಲಿ ಅಲಾರಂ, ಕ್ಯಾಮೆರಾಗಳ ಅಂಗಡಿ ಇಟ್ಟವನು. ಮೊಗ್ರಾಲಿನ ಈ ದೊಡ್ಡ ಮನೆಯ ಯಜಮಾನರು ಶಾರ್ಜಾದಲ್ಲಿದ್ದರು. ಎರಡು ವರ್ಷದ ಹಿಂದೆ ನಿಶ್ಮಿತಾ ಇದನ್ನು ಬಾಡಿಗೆಗೆ ಹಿಡಿದು, ಅಜ್ಜಿ ಪಂಕಜಾಕ್ಷಿಯ ಕೈಗುಣವನ್ನು ನಂಬಿ ಬಾಣಂತಿ ಆರೈಕೆಯ ಮನೆ ಮಾಡಿದ್ದಳು. ಪಂಚಾಯತಿನ ಲೈಸೆನ್ಸ್ ಹೊಸದು ಮಾಡಬೇಕಾದರೆ ಅಲಾರಂ ಸರಿ ಇದೆಯೆಂಬ ಕಾಗದ ಬೇಕಿತ್ತು. ಅದಕ್ಕೇ ಯಜಮಾನರ ಕಡೆಯವರು ಇವನನ್ನು ಕಳಿಸಿದ್ದು.

ಮರುದಿನ ಮತ್ತೆ ಬಂದ. ಅದರ ಮರುದಿನವೂ ಬಂದ. ಧೂಪದ ಹೊತ್ತಿಗೆ ಸರಿಯಾಗಿ ಹೊರಗಿನ ಏಣಿ ಹತ್ತಿ, ಹೊಗೆ ಎಲ್ಲಿಯವರೆಗೆ ಹರಡುತ್ತದೆಂದು ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕುತ್ತಿದ್ದ. ಕೆಮ್ಮಿದರೂ ಇಳಿಯುತ್ತಿರಲಿಲ್ಲ.

"ಮಗಾ, ಕೆಳಗಿಳಿ. ನೀನೂ ಬಾಣಂತಿಯಾ ಹೊಗೆ ಹಾಕಿಸಿಕೊಳ್ಳಲಿಕ್ಕೆ?" ಎಂದು ಅಜ್ಜಿ ಚಾ ಕೊಟ್ಟರು.

ಅವನು ನಕ್ಕ. ಆ ನಗುವಿಗೆ ನಿಶ್ಮಿತಾ ಬಾಗಿಲ ಮರೆಯಲ್ಲೇ ನಿಂತುಬಿಟ್ಟಳು. ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ರೆಪ್ಪೆ ಮುಚ್ಚದ ಒಕ್ಕಣ್ಣಿನ ಕಾವಲುಗಾರನೊಬ್ಬನಿದ್ದ. ಎಲ್ಲರೂ ಮಲಗಿದರೂ ಅವನೊಬ್ಬ ಎಚ್ಚರ. ಏಣಿಯ ಮೇಲಿನ ಈ ಮನುಷ್ಯನೂ ಹಾಗೆಯೇ...

*ಛೆ! ಎಂತ ಯೋಚನೆ ನನ್ನದು!*

ಶುಕ್ರವಾರ ಲೋಕಯ್ಯಣ್ಣ ಬಂದ. ಯಜಮಾನರ ಪರವಾಗಿ ಬಾಡಿಗೆ ವಸೂಲಿ ಮಾಡುವವನು. ಕೂರಲೂ ಇಲ್ಲ, ಒಂದು ಹಾಳೆ ಚಾಚಿದ.

"ಒಂಬತ್ತನ್ನೂ ಬದಲಿಸಬೇಕಂತೆ. ನಲವತ್ತೆರಡು ಸಾವಿರ. ಮುಚ್ಚಿ ಹಾಳು ಮಾಡಿದ್ದು ನೀವು, ಕೊಡಬೇಕಾದ್ದೂ ನೀವೇ. ಆಗದಿದ್ದರೆ ಮೂವತ್ತನೇ ತಾರೀಕಿಗೆ ಮನೆ ಬಿಡಿ."

"ಲೋಕಯ್ಯಣ್ಣ, ಈಶ್ವರಿಗೆ ನಲವತ್ತು ದಿನ ಆಗಲಿಲ್ಲ! ಇನ್ನೂ ನಾಲ್ಕು ಜನ ಬರ್ತೇವೆ ಅಂತ ಹೇಳಿಟ್ಟಿದ್ದಾರೆ..."

"ಅದು ನನಗೆ ಹೇಳಿ ಪ್ರಯೋಜನ ಇಲ್ಲ. ನೋಡಿ, ಆ ಹುಡುಗನೇ ಬರೆದದ್ದು."

'ಅಲಾರಂಗಳನ್ನು ಪ್ಲಾಸ್ಟಿಕ್‌ನಿಂದ ಮುಚ್ಚಲಾಗಿತ್ತು.' ಕೆಳಗೆ ವಿಜೇತನ ಸಹಿ.

ಮನೆಯ ಚಾ ಕುಡಿದವನು! ಅಜ್ಜಿಯಿಂದ ಮಗಾ ಎನ್ನಿಸಿಕೊಂಡವನು!

ಅವಳು ಹೆದ್ದಾರಿಗೆ ನಡೆದು ಸಿಕ್ಕಿದ ಬಸ್ಸು ಹತ್ತಿದಳು. ಉಪ್ಪಳ ಬರುವವರೆಗೂ ಆ ಹಾಳೆಯನ್ನು ಮುಷ್ಟಿಯಿಂದ ಬಿಡಲಿಲ್ಲ.

"ನಮ್ಮನ್ನು ಬೀದಿಗೆ ಹಾಕಿ ನಿಮಗೆ ಎಂತ ಸಿಕ್ಕಿತು?" ಮುದುರಿದ ಹಾಳೆ ಅವನ ಮೇಜಿನ ಮೇಲೆ ಬಿತ್ತು. "ಒಂಬತ್ತು ಅಲಾರಂ ಮಾರಿದ ಲಾಭವಾ?"

ವಿಜೇತ್ ಹಾಳೆ ಬಿಡಿಸಿದ. ಹಿಂದೆ ತಿರುಗಿಸಿದ. "ಎರಡನೇ ಪುಟ ಎಲ್ಲಿ?"

"ಯಾವ ಎರಡನೇ ಪುಟ?"

ಅವನು ಡ್ರಾಯರಿನಿಂದ ಪ್ರತಿ ತೆಗೆದು ಮುಂದಿಟ್ಟ. ಅವಳು ಓದಿದಳು. ಅಲಾರಂಗಳು ತಯಾರಾಗಿ ಹದಿನಾಲ್ಕು ವರ್ಷ. ಬಾಳಿಕೆ ಹತ್ತೇ ವರ್ಷ. ಈಗಿನವರು ಬಾಡಿಗೆಗೆ ಬರುವ ಮೊದಲೇ ಅವಧಿ ಮುಗಿದಿತ್ತು, ಆದ್ದರಿಂದ ಬದಲಿಸುವ ಖರ್ಚು ಮನೆ ಯಜಮಾನರದ್ದು. ಧೂಪದ ಕೋಣೆಗೂ ಅಡುಗೆಮನೆಗೂ ಹೊಗೆಗೆ ಕೂಗದ, ಬಿಸಿ ಏರಿದರೆ ಮಾತ್ರ ಕೂಗುವ ಹೀಟ್ ಅಲಾರಂ ಸಾಕು. ಹೊರಗಿನದನ್ನು ಪೆನ್ಸಿಲ್ ಗುರುತಿನಾಚೆ ಸರಿಸಬೇಕು.

ಅವಳು ಮತ್ತೊಮ್ಮೆ ಓದಿದಳು. ಮೂರು ದಿನ ಏಣಿಯ ಮೇಲೆ ಕೆಮ್ಮುತ್ತಾ ಕೂತದ್ದು ಇದಕ್ಕಾ?

"ಆದರೂ... ಟೊಪ್ಪಿಯ ವಿಷಯ ಯಾಕೆ ಬರೆದಿರಿ? ಬಿಡಬಹುದಿತ್ತಲ್ಲ?"

"ಸುಳ್ಳು ಕಾಗದಕ್ಕೆ ನಾನು ಸಹಿ ಹಾಕುದಿಲ್ಲ."

ಅವನು ರಸ್ತೆಯ ಕಡೆ ನೋಡಿದ.

"ಗಲ್ಫಿನ ನಮ್ಮ ರೂಮಿನಲ್ಲಿ ಮೀನು ಹುರಿಯುವಾಗ ಕೂಗ್ತದೆ ಅಂತ ಅಲಾರಂಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿದವ ನಾನು. ಬಿಚ್ಚಲಿಕ್ಕೆ ಮರೆತೆ. ಒಂದು ಮಧ್ಯಾಹ್ನ ನಾನು ಡ್ಯೂಟಿಯಲ್ಲಿದ್ದೆ. ನನ್ನ ಜೊತೆಗಿದ್ದ ಶ್ರೀಕೃಷ್ಣ ರೂಮಿನಲ್ಲಿ ಮಲಗಿದ್ದ, ಬೆಂಕಿ ಹಿಡಿಯಿತು..." ಅವನು ಮುದುರಿದ ಹಾಳೆಯನ್ನು ಅಂಗೈಯಿಂದ ಒತ್ತಿ ಸರಿಮಾಡಿದ. "ಅವ ಏಳಲೇ ಇಲ್ಲ ನಿಶ್ಮಿತಾ. ಆಮೇಲೆ ನಾನು ಈ ಕೆಲಸ ಕಲಿತದ್ದು."

ಅವಳ ಕಣ್ಣೆದುರು ಬಂದದ್ದು ಈಶ್ವರಿಯ ಕೂಸು. ಅದರ ತಲೆಯ ಮೇಲಿನ ಅಲಾರಂಗೂ ಒಂದು ಹೂವಿನ ಟೊಪ್ಪಿ ಇತ್ತಲ್ಲ... ಎರಡು ವರ್ಷ! ಎಷ್ಟು ಕೂಸುಗಳು!

ಅಲ್ಲೇ ನಿಂತು ಶಾರ್ಜಾಕ್ಕೆ ಫೋನ್ ಮಾಡಿ ಎರಡನೇ ಪುಟವನ್ನು ಪೂರ್ತಿ ಓದಿದಳು.

"ಈ ಪುಟ ನನಗೆ ಬರಲೇ ಇಲ್ಲ," ಎಂದರು ಯಜಮಾನರು. "ಆದರೆ ನೀವು ಮುಚ್ಚಿದ್ದು ಹೌದಾ, ಅಲ್ವಾ?"

ಇಲ್ಲ ಎನ್ನಬಹುದಿತ್ತು. ಮೂವತ್ತನೇ ತಾರೀಕು ಕಣ್ಣೆದುರೇ ಇತ್ತು. ವಿಜೇತ್ ಅವಳನ್ನೇ ನೋಡುತ್ತಿದ್ದ.

"ಹೌದು. ತಪ್ಪು ನನ್ನದು. ಎರಡು ಹೀಟ್ ಅಲಾರಂನ ಖರ್ಚು ನಾನೇ ಕೊಡ್ತೇನೆ, ಧೂಪ ಹಾಕುವುದು ನಾನಲ್ವಾ? ಉಳಿದ ಏಳು ನಿಮ್ಮದು. ಮನೆ ಮಾತ್ರ ಬಿಡಿಸಬೇಡಿ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಆಯ್ತು ಮಾರಾಯ್ತಿ. ಹಾಕಿಸಿ. ಲೋಕಯ್ಯನ ಹತ್ತಿರ ನಾನು ಮಾತಾಡ್ತೇನೆ."

ಫೋನಿಟ್ಟ ಮೇಲೆಯೇ ಅವಳಿಗೆ ಅಳು ಬಂದದ್ದು.

ಸೋಮವಾರ ಒಂಬತ್ತು ಹೊಸ ಅಲಾರಂಗಳು ಮಾಡಿಗೆ ಬಂದವು. ಸಂಜೆ ಅಜ್ಜಿ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದರು. ಹೊಗೆ ಎದ್ದಿತು, ಈಶ್ವರಿಯ ಕೂದಲು ದಾಟಿತು, ಮಾಡು ಮುಟ್ಟಿತು...

ನಿಶ್ಮಿತಾ ಕಣ್ಣು ಮುಚ್ಚಿದಳು.

ಅಲಾರಂ ಕೂಗಲಿಲ್ಲ! ಪುಟ್ಟ ಕೆಂಪು ದೀಪವೊಂದು ಮಿನುಗಿತು, ಅಷ್ಟೆ. ಕೂಸು ನಿದ್ದೆಯಲ್ಲೇ ಆಕಳಿಸಿತು.

ಹೊರಗೆ ವಿಜೇತ್ ಏಣಿ ಮಡಚುತ್ತಿದ್ದ. ಕಿಸೆಯಿಂದ ಗುಲಾಬಿ ಹೂವಿನ ಟೊಪ್ಪಿ ತೆಗೆದು ಚಾಚಿದ.

"ಇದು ನಿಮ್ಮದು. ಮೊದಲ ದಿನದ್ದು."

"ಇಷ್ಟು ದಿನ ಕಿಸೆಯಲ್ಲೇ ಇಟ್ಟುಕೊಂಡಿದ್ದಿರಾ?"

ಅವನ ಕಿವಿ ಕೆಂಪಾಯಿತು. "ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು. ನಾನೇ ಬರ್ತೇನೆ."

"ತಿಂಗಳಿಗೊಮ್ಮೆ ಸಾಕಾ?"

ಅವನು ತಲೆ ಎತ್ತಿದ. "ದಿನಾ ಬಂದರೆ ಅಜ್ಜಿ ಕೇಳ್ತಾರೆ, ಎಂತಕ್ಕೆ ಬಂದದ್ದು ಅಂತ."

"ಅಜ್ಜಿ ಆಗಲೇ ಕೇಳಿ ಆಯ್ತು."

"ನೀವು ಎಂತ ಹೇಳಿದಿರಿ?"

ಅವಳು ಟೊಪ್ಪಿಯನ್ನು ಮಡಚಿ ಮತ್ತೆ ಅವನ ಅಂಗೈಯಲ್ಲೇ ಇಟ್ಟಳು.

"ನನಗಾಗಿ ಅಂತ ಹೇಳಿದೆ. ಸುಳ್ಳಾದರೆ ಈಗಲೇ ಹೇಳಿ..."

"ಸುಳ್ಳಿಗೆ ನಾನು ಸಹಿ ಹಾಕುದಿಲ್ಲ ಅಂತ ಹೇಳಿದ್ದೆನಲ್ಲ," ಎಂದ ವಿಜೇತ್, ಅವಳ ಬೆರಳುಗಳನ್ನು ಬಿಡದೆ. "ಇದಕ್ಕೆ ಹಾಕ್ತೇನೆ."