ಮೇಜಿನ ಮೇಲೆ ಉಳಿದ ಕಾರ್ಡು

ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಸೋಮವಾರ ಬೆಳಿಗ್ಗೆ ಊರಿಗೆಲ್ಲ ಗೊತ್ತಾಯಿತು. ಗುರುವಾರ ಹತ್ತೂಕಾಲಿಗೆ ಅವರ ಹೆಂಡತಿ ಠಾಣೆಗೆ ಬಂದರು.

“ಏನು ಕಳುವಾಗಿದೆ ಅಮ್ಮಾ?” ಇನ್‌ಸ್ಪೆಕ್ಟರ್ ಕೇಳಿದರು.

“ಕಾರ್ಡಿನ ಪೆಟ್ಟಿಗೆ ಕಣಪ್ಪಾ. ಪಕ್ಕದಲ್ಲೇ ಇದ್ದ ಬಳೆ ಮುಟ್ಟಿಲ್ಲ. ಅವರ ಅಕ್ಷರ ಅಂತ ಉಳಿದಿದ್ದು ಅದೊಂದೇ.”

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್‌ಸ್ಪೆಕ್ಟರೂ ಹೆಡ್ ಕಾನ್‌ಸ್ಟೇಬಲ್ಲೂ ಪಂಚನಾಮೆಗೆ ಮನೆಗೆ ಹೋದರು.

ಮೇಷ್ಟ್ರ ಸಂಜೆ ಪಾಠದ ಕ್ರಮ ಇನ್‌ಸ್ಪೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಯಾರಾದರೂ ಎರಡು ಇಂಗ್ಲಿಷ್ ಪದಗಳನ್ನು ಅದಲುಬದಲು ಮಾಡಿದರೆ ಆ ಜೋಡಿಗೊಂದು ಕಾರ್ಡು. ಕಾರ್ಡಿನ ಹಿಂಬದಿಗೆ ತಪ್ಪಿದವರ ಅಡ್ಡಹೆಸರು, ಮೂರು ಚೌಕ. ಮೂರು ದಿನ ಸರಿಯಾಗಿ ಹೇಳಿದರೆ ಮೂರು ಗುರುತು. ಆಗ ಮೇಷ್ಟ್ರು ಕಾರ್ಡನ್ನು ಕೈಯಾರೆ ಕೊಟ್ಟುಬಿಡುತ್ತಿದ್ದರು.

ಪೆಟ್ಟಿಗೆಯಿದ್ದ ಕಪಾಟಿನ ಬೀಗ ಒಡೆದಿರಲಿಲ್ಲ.

“ಮರ್ಯಾದಸ್ಥ ಕಳ್ಳ ಸಾರ್,” ಎಂದ ಹೆಡ್ ಕಾನ್‌ಸ್ಟೇಬಲ್. “ಬೀಗಕ್ಕೆ ಎಣ್ಣೆ ಬೇರೆ ಹಾಕಿ ಹೋಗಿದಾನೆ.”

ಮೇಜಿನ ಮೇಲೆ, ಮೇಷ್ಟ್ರ ಕನ್ನಡಕದ ಕೆಳಗೆ, ಒಂದೇ ಒಂದು ಕಾರ್ಡು ಇತ್ತು. ಮುಂದೆ ‘ರಿಮೆಂಬರ್’, ‘ರಿಮೈಂಡ್’. ಹಿಂದೆ ‘ಬೀಗದಪ್ಪ’. ಎರಡು ಗುರುತು, ಮೂರನೆಯ ಚೌಕ ಖಾಲಿ.

“ಮೂಲೆ ಕೀಲಿ ಅಂಗಡಿಯವನು,” ಎಂದರು ಅಮ್ಮ. “ತಲೆ ನೆರೆತ ಮೇಲೆ ಕಲಿಯೋಕೆ ಬಂದ. ‘ಸಾರ್, ನಾಳೆ ನನಗೆ ರಿಮೆಂಬರ್ ಮಾಡಿ’ ಅನ್ನೋನು. ಇವರು ಹೊಟ್ಟೆ ಹಿಡ್ಕೊಂಡು ನಗೋರು.”

ಒಂದೂಕಾಲಿಗೆ ಅಂಗಡಿಯಲ್ಲಿ, ಒಗೆದ ಬಟ್ಟೆಯಲ್ಲಿ ಸುತ್ತಿದ್ದ ಪೆಟ್ಟಿಗೆ ಸಿಕ್ಕಿತು.

“ಯಾವಾಗ ತೆಗೆದೆ?”

“ನಿನ್ನೆ ಮಧ್ಯಾಹ್ನ. ಅಮ್ಮ ಮಲಗಿದ್ರು.”

“ಯಾಕೆ?”

“ಹಳೇ ಕಾಗದ ಎಲ್ಲ ರದ್ದಿಗೆ ಹಾಕಿ ಅಂತ ಮೇಷ್ಟ್ರ ಅಳಿಯಂದಿರು ಅಂತಿದ್ರು. ಜೀವ ತಡೀಲಿಲ್ಲ.”

“ಅಮ್ಮನಿಗೆ ಹೇಳೋಕೇನು?”

“ಅಳ್ತಾ ಕೂತೋರ ಮುಂದೆ ಬಾಯಿ ಬರಲಿಲ್ಲ ಸಾರ್.”

“ನಿನ್ನ ಕಾರ್ಡು ಯಾಕೆ ಬಿಟ್ಟೆ?”

ಅವನು ಕಣ್ಣೊರೆಸಿಕೊಂಡ. “ಬೇರೆಯವರದನ್ನ ಕಾಪಾಡೋಕೆ ತಗೊಂಡೆ. ನನ್ನದನ್ನ ಮೇಷ್ಟ್ರು ಇನ್ನೂ ಕೊಟ್ಟಿರಲಿಲ್ಲ. ಅದನ್ನ ತಗೊಂಡ್ರೆ ಕಳ್ಳತನ ಆಗ್ತಿತ್ತು.”

ಒಂದು ನಲವತ್ತಕ್ಕೆ ಅವನ ಬಂಧನವಾಯಿತು. ಠಾಣೆಯಲ್ಲಿ ಕಾರ್ಡು ಎಣಿಸುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ನಡುವೆ ನಿಂತ. “‘ಗಡಿಬಿಡಿ’. ಒಂದೂ ಗುರುತಿಲ್ಲ. ಇದ್ಯಾರು ಸಾರ್ ಇಂಥ ಬೃಹಸ್ಪತಿ?”

“ಸುಮ್ಮನೆ ಬರ್ಕೊಳ್ರೀ,” ಎಂದರು ಇನ್‌ಸ್ಪೆಕ್ಟರ್, ಕಿವಿ ಕೆಂಪಾಗಿ.

ನಾಲ್ಕಕ್ಕೆ ಅಮ್ಮ ಬಂದರು. ಕೈಯಲ್ಲಿ ಆ ಕಾರ್ಡು, ಮೇಷ್ಟ್ರ ಕೆಂಪು ಪೆನ್ಸಿಲು. ತಲೆ ತಗ್ಗಿಸಿ ಕುಳಿತವನ ಮುಂದೆ ನಿಂತರು.

“ಎಲ್ಲಿ, ಹೇಳು.”

ಅವನು ಪಾಠದ ಮನೆಯಲ್ಲಿ ಎದ್ದಂತೆ ಎದ್ದ. “ಐ ರಿಮೆಂಬರ್ ಮಾಸ್ಟರ್.” ಪೆನ್ಸಿಲಿನತ್ತ ಬೆರಳು ತೋರಿಸಿದ. “ದಿಸ್ ಪೆನ್ಸಿಲ್... ರಿಮೈಂಡ್ಸ್ ಮಿ ಆಫ್ ಮಾಸ್ಟರ್.”

ಅಮ್ಮ ಮೂರನೆಯ ಗುರುತು ಹಾಕಿ ಕಾರ್ಡನ್ನು ಅವನ ಕೈಗಿತ್ತರು. ಆಮೇಲೆ ಜಾಮೀನಿಗೂ ತಾವೇ ಸಹಿ ಹಾಕಿದರು.

ಕೃತ್ಯದ ಕಾರಣ ಬರೆಯಬೇಕಾದ ಕಡೆ ಇನ್‌ಸ್ಪೆಕ್ಟರ್ ಬರೆದರು: ‘ಗುರುವಿನ ಅಕ್ಷರ ರದ್ದಿಯ ಪಾಲಾದೀತೆಂಬ ಭಯ.’ ಲೇಖನಿ ಕೆಳಗಿಟ್ಟು, ಟೋಪಿ ತೆಗೆದು, ಕಣ್ಣು ಮುಚ್ಚಿದರು.

ದೇವರೇ, ನಮ್ಮ ತಪ್ಪುಗಳನ್ನು ಇಷ್ಟು ಜೋಪಾನವಾಗಿ ಕಾದಿಟ್ಟ ಆ ಜೀವಕ್ಕೆ ನಿನ್ನ ಸನ್ನಿಧಿಯಲ್ಲಿ ಶಾಂತಿ ಕೊಡು.