ಸಾಹೇಬರ ತಲೆಯ ಎರಡು ಸುಳಿ

ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ದೂರು ಬಂತು. ದೂರಿನ ಜೊತೆಗೆ ಆರೋಪಿಯೂ ಬಂದ. ಇಂಥ ಅನುಕೂಲ ಪ್ರಪಂಚದ ಯಾವ ಠಾಣೆಗೂ ಸಿಕ್ಕಿರಲಿಕ್ಕಿಲ್ಲ.

ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತ ಒಬ್ಬ ಮುದುಕನ ಮೊಣಕೈ ಹಿಡಿದು ಒಳಗೆ ತಂದಿದ್ದ. ಹಿಂದೆಯೇ ಮುದುಕನ ಮಗಳು.

"ಹಳೇ ಯುದ್ಧದಲ್ಲಿ ಹೋರಾಡಿದೋರಿಗೆ ಸರ್ಕಾರ ಬೋನಸ್ ಕೊಡ್ತಿದೆ ಸಾರ್" ಎಂದ ಗುಮಾಸ್ತ. "ಈ ಹೆಸರಿನ ಸಿಪಾಯಿ ಹೋದ ತಿಂಗಳೇ ಬಂದು ನಗದು ತಗೊಂಡು ಹೋಗಿದ್ದಾರೆ. ಈಗ ಇವರು ಬಂದು ಆ ಸಿಪಾಯಿ ನಾನೇ ಅಂತಾರೆ."

ಇನ್ಸ್‌ಪೆಕ್ಟರ್ ಮೀಸೆ ಸವರಿದರು. ಆ ಮೀಸೆ ಎಂಥದ್ದೆಂದರೆ, ಅದರ ನೆರಳು ಬಿದ್ದರೂ ಸಾಕು, ಜೇಬುಗಳ್ಳರು ತಾವು ಕದಿಯದ ಪರ್ಸನ್ನೂ ಹಿಂದಿರುಗಿಸುತ್ತಿದ್ದರು.

"ದಾಖಲೆ?"

"ರೆಜಿಮೆಂಟಿನ ಕಾಗದ ಎಲ್ಲಾ ಆ ಕಾಲದಲ್ಲೇ ಸುಟ್ಟುಹೋಗಿದೆ ಸಾರ್. ಅದಕ್ಕೇ ಮೂವರು ಅಧಿಕಾರಿಗಳು ಕೂತು ಪ್ರಶ್ನೆ ಕೇಳ್ತಾರೆ. ಮೊದಲು ಬಂದೋರು ಸಿನಿಮಾ ತೋರಿಸಿದಂಗೆ ಹೇಳಿದ್ರು. ಇವರು ತಬ್ಬಿಬ್ಬು."

"ಅಪ್ಪನ ತಲೆಗೆ ಬಾಂಬಿನ ಚೂರು ಹೊಕ್ಕಿತ್ತು ಸಾರ್" ಎಂದಳು ಮಗಳು. "ಅರ್ಧ ನೆನಪು ಅಲ್ಲೇ ಹೋಯ್ತು. ಸಕ್ಕರೆ ಕಾಯಿಲೆ ಬೇರೆ. ಲಾಕಪ್ಪಿಗೆ ಹಾಕಿದ್ರೆ ಬೆಳಗಾಗೋದ್ರೊಳಗೆ ಹೋಗಿಬಿಡ್ತಾರೆ."

ಬೇರೊಬ್ಬನಂತೆ ನಟಿಸಿ ವಂಚಿಸಲು ಯತ್ನ ಎಂದು ಎಫ್‌ಐಆರ್ ದಾಖಲಾಯಿತು. ಅಷ್ಟರಲ್ಲಿ ಎಸ್ಪಿಯವರ ಫೋನು: ಮಂತ್ರಿಗಳು ಕೇಳುತ್ತಿದ್ದಾರೆ, ಸಂಜೆಯೊಳಗೆ ಬಂಧನ ಆಗಬೇಕು.

"ನಿಮ್ಮ ಕ್ಯಾಪ್ಟನ್ ಸಾಹೇಬರು ಹೇಗಿದ್ರು?" ಇನ್ಸ್‌ಪೆಕ್ಟರ್ ಮುದುಕನ ಕಿವಿಯ ಹತ್ತಿರ ಕೇಳಿದರು.

ಮುದುಕ ತಲೆಯ ಹಳೇ ಗಾಯ ಸವರಿಕೊಂಡ. "ಟೋಪಿ ನೆನಪಿದೆ. ಬೈಗುಳ ನೆನಪಿದೆ."

"ಮುಖ?"

"ಮುಖ ನೋಡೋ ಧೈರ್ಯ ಯಾರಿಗಿತ್ತಪ್ಪಾ?"

ಕಚೇರಿಯವರು ಮೊದಲನೆಯವನ ವಿಚಾರಣೆಯನ್ನು ರೆಕಾರ್ಡ್ ಮಾಡಿದ್ದರು. ಇನ್ಸ್‌ಪೆಕ್ಟರ್ ಬಾಗಿಲು ಹಾಕಿಕೊಂಡು ಕೇಳಿದರು. ಅಬ್ಬಾ, ಅವನ ನೆನಪೇ! ಬೆಟ್ಟದ ಒಂದೊಂದು ಕಲ್ಲಿಗೂ ಅವನೇ ನಾಮಕರಣ ಮಾಡಿದಂತಿತ್ತು. ಕ್ಯಾಪ್ಟನ್ ಬಗ್ಗೆ ಕೇಳಿದಾಗ ಮಾತ್ರ ಧ್ವನಿ ಮೃದುವಾಯಿತು: "ಸಾಹೇಬರ ನೆತ್ತಿಯ ಹಿಂದೆ ಎರಡು ಸುಳಿ. ಬಲಗಿವಿಯ ಹಿಂದೆ ಬಟಾಣಿಯಷ್ಟು ಮಚ್ಚೆ."

ಇನ್ಸ್‌ಪೆಕ್ಟರ್ ಅದನ್ನೇ ಮತ್ತೆ ಹಾಕಿ ಕೇಳಿದರು. ಆಮೇಲೆ ಪೇದೆಯನ್ನು ಕೂಗಿದರು. ಊರೆಲ್ಲ ಅವನನ್ನು ಸೈರನ್ ಎನ್ನುತ್ತಿತ್ತು. ಅವನು ಪಿಸುಗುಟ್ಟಿದರೆ ಪಕ್ಕದ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು.

"ಎಷ್ಟು ವರ್ಷದಿಂದ ನನ್ನ ಕೈಕೆಳಗೆ ಇದ್ದೀಯ?"

"ಹನ್ನೆರಡು ಸಾರ್!"

"ನನ್ನ ತಲೆ ಹಿಂದೆ ಏನಿದೆ ಹೇಳು."

ಸೈರನ್ ಬೆವೆತ. "ಟೋಪಿ ಸಾರ್."

"ಜೀಪ್ ತೆಗಿ."

ಯುದ್ಧವೀರ ಎಂಬ ಗೌರವಕ್ಕೆ ಮೊದಲನೆಯವನನ್ನು ಕಚೇರಿಯ ಡ್ರೈವರೇ ಮನೆಯವರೆಗೆ ಬಿಟ್ಟು ಬಂದಿದ್ದ. ಈಗ ಆ ಡ್ರೈವರೇ ದಾರಿ ತೋರಿಸಿದ. ರೈಲು ಹಳಿಯ ಪಕ್ಕದ ಓಣಿ, ನೀಲಿ ಬಾಗಿಲು. ಸಂಜೆಗೆ ಇನ್ನೊಂದೇ ಗಂಟೆ ಉಳಿದಿತ್ತು.

ಬಾಗಿಲು ತೆರೆದ ಮುದುಕ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಆ ಸೆಲ್ಯೂಟಿಗೆ ಜನರಲ್‌ಗಳೂ ನಾಚಬೇಕು. ಒಳಗೆ ಅವನ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

ಇನ್ಸ್‌ಪೆಕ್ಟರ್ ಏನೂ ಕೇಳಲಿಲ್ಲ. ಟೋಪಿ ತೆಗೆದು, ಬೆನ್ನು ತಿರುಗಿಸಿ, ಕುರ್ಚಿಯ ಮೇಲೆ ಕುಳಿತರು. ಆಚೆ ರೈಲು ಹಾದುಹೋಯಿತು.

"ಎಡಗಡೆ ಓರೆ ಆಗಿದೆಯಲ್ಲ" ಎಂದ ಮುದುಕ, ತಡೆಯಲಾರದೆ. "ಯಾರು ಸಾರ್ ಇದು, ಹುಲ್ಲು ಕೊಯ್ದಂಗೆ ಕೊಯ್ದಿರೋದು?"

ಬೆರಳು ಆಗಲೇ ಇನ್ಸ್‌ಪೆಕ್ಟರ ಕಿವಿಯನ್ನು ಮೆಲ್ಲಗೆ ಮಡಚಿ ಹಿಡಿದಿತ್ತು. ಮರುಕ್ಷಣ ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಹೋಯಿತು.

"ಕ್ಯಾಪ್ಟನ್ ಸಾಹೇಬರಿಗೆ ಕಟಿಂಗ್ ಮಾಡ್ತಿದ್ದೋರು ನೀವೇ ಅಲ್ವಾ?" ಇನ್ಸ್‌ಪೆಕ್ಟರ್ ಪಿಸುಮಾತಿನಲ್ಲಿ ಕೇಳಿದರು.

ಮುದುಕ ಹೆಂಡತಿಯ ಕಡೆ ಕಣ್ಣು ಹಾಯಿಸಿದ. "ಅವಳ ಮುಂದೆ ಬೇಡ ಸಾರ್. ಹೊರಗೆ ಬನ್ನಿ."

ಜಗಲಿಯ ಮೇಲೆ ಎಲ್ಲ ಹೇಳಿದ. ಪಟಾಲಮ್ಮಿನ ಕ್ಷೌರದ ಡೇರೆಯವನು. ಸಂಬಳ ಇತ್ತು, ಸಿಪಾಯಿ ನಂಬರ್ ಇರಲಿಲ್ಲ. ಬೋನಸ್ಸಿನ ಆದೇಶದಲ್ಲಿ ಇಂಥವರ ಮಾತೇ ಇಲ್ಲ.

"ಆ ಹೆಸರೇ ಯಾಕೆ?"

"ಅವನನ್ನ ಬೆಟ್ಟದಿಂದ ಹೊತ್ತು ಇಳಿಸಿದ್ದು ನಾನೇ ಸಾರ್. ಗಾಡಿಗೆ ಹಾಕಿದಾಗ ಉಸಿರಿರಲಿಲ್ಲ. ಸತ್ತ ಅಂದ್ಕೊಂಡೆ. ಸತ್ತೋನು ಜಗಳಕ್ಕೆ ಬರ್ತಾನಾ ಅಂತ."

"ಬದುಕಿದ್ದಾರೆ. ನಿಮ್ಮಿಂದ ಈಗ ನನ್ನ ಠಾಣೇಲಿ ಕೂತಿದ್ದಾರೆ."

ಮುದುಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕೈ ತೆಗೆದು ಹೇಳಿದ: "ಹೆಣ್ಣು ನೋಡೋಕೆ ಹೋದಾಗ ಸಿಪಾಯಿ ಅಂದಿದ್ದೆ. ಒಂದು ಸುಳ್ಳಿಗೆ ಒಂದು ಜನ್ಮ ಆಯ್ತು. ಬೋನಸ್ ಸುದ್ದಿ ಬಂದ ದಿನದಿಂದ ದಿನಾ ಕೇಳೋಳು, ರೀ, ನಿಮ್ಮದು ಯಾವಾಗ ಅಂತ. ಕಳ್ಳ ಅಂತ ಹೇಳಿ ಸಾರ್, ಪರವಾಗಿಲ್ಲ. ಸಿಪಾಯಿ ಅಲ್ಲ ಅಂತ ಮಾತ್ರ ಹೇಳಬೇಡಿ."

ಪಂಚರ ಸಮಕ್ಷಮ ಟ್ರಂಕಿನಿಂದ ಹಣ ತೆಗೆದರು. ಕಟ್ಟಿನ ದಾರ ಕೂಡ ಬಿಚ್ಚಿರಲಿಲ್ಲ. ಸೈರನ್ ಠಾಣೆಗೆ ಫೋನ್ ಮಾಡಿ ಇನ್ನೊಬ್ಬ ಮುದುಕನನ್ನು ಮಗಳ ಜೊತೆ ಮನೆಗೆ ಕಳಿಸಲು ಹೇಳಿದ. ಪಂಚನಾಮೆ ಮುಗಿಯಿತು. ಬಂಧನದ ಕಾರಣವನ್ನು ಮನೆಯವರಿಗೆ ತಿಳಿಸಬೇಕೆನ್ನುವುದು ಕಾನೂನು.

"ಬೇರೆಯವರ ಹೆಸರಲ್ಲಿ ಬೋನಸ್ ತಗೊಂಡಿದ್ದಾರೆ ಅಮ್ಮಾ" ಎಂದರು ಇನ್ಸ್‌ಪೆಕ್ಟರ್.

"ಇವರದೇ ಬರಬೇಕಿತ್ತಲ್ಲ? ಬೇರೆಯವರದ್ದು ಯಾಕೆ ಬೇಕಿತ್ತು?"

ಊರಿನ ಸಕಲ ಪುಂಡರ ಬಾಯಿ ಮುಚ್ಚಿಸಿದ್ದ ಮೀಸೆ ಪಂಚನಾಮೆಯ ಕಾಗದದ ಕಡೆಗೆ ಬಾಗಿತು. ಮುದುಕನೇ ಮುಂದೆ ಬಂದ.

"ನಾನು ಅಲ್ಲಿ ಬರೀ ಕಟಿಂಗ್ ಮಾಡ್ತಿದ್ದೆ ಕಣೇ."

ಆಕೆ ಗಂಡನನ್ನು ನೋಡಲಿಲ್ಲ. ಇನ್ಸ್‌ಪೆಕ್ಟರನ್ನೇ ನೋಡಿದಳು.

"ಅಲ್ಲಿದ್ದದ್ದು ನಿಜ ತಾನೇ?"

"ನಿಜ ಅಮ್ಮಾ."

"ಗುಂಡು ಇವರಿಗೂ ಬೀಳಬಹುದಿತ್ತು ತಾನೇ?"

"ಬೀಳಬಹುದಿತ್ತು."

"ಮತ್ತೆ?"

ಇನ್ಸ್‌ಪೆಕ್ಟರ್ ಟೋಪಿಯನ್ನು ಕೈಯಲ್ಲೇ ಹಿಡಿದು ಜೀಪಿನ ಹಿಂಬಾಗಿಲು ತೆರೆದರು. ಮುದುಕನನ್ನು ತಾವೇ ತೋಳು ಹಿಡಿದು ಹತ್ತಿಸಿದರು.