ಉಸಿರಿಗೆ ಕಾವಲು ಬೇಡ

"ಒಳಗೆ ಹೋಗಿ... ದಯವಿಟ್ಟು ಒಳಗೆ ಹೋಗಿ!"

ಹಿತ್ತಿಲಿನ ಗೋಡೆ ಹಿಡಿದು ಬಾಗಿ ನಿಂತಿದ್ದ ಮೋಕ್ಷಿತಾ ಅಷ್ಟು ಹೇಳುವಷ್ಟರಲ್ಲೇ ಸುಸ್ತಾಗಿದ್ದಳು.

ಸಿದ್ಧಕಟ್ಟೆಯ ಆ ಮನೆಗೆ ಅಂದು ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ದೇವರ ಮುಂದೆ ಹಚ್ಚಿದ ಊದುಬತ್ತಿಯ ಹೊಗೆಗೆ ಎದೆ ಬಿಗಿದುಕೊಂಡಿತ್ತು. ಕಾಫಿ ಕೊಟ್ಟವಳೇ ಹಿಂದಿನ ಬಾಗಿಲಿನಿಂದ ಹೊರಗೋಡಿದ್ದಳು. ಕೈ ತೊಳೆಯಲು ಬಂದ ಹುಡುಗನ ಕಣ್ಣಿಗೆ, ಯಾರ ಕಣ್ಣಿಗೂ ಬೀಳಬಾರದು ಎಂದು ಅಮ್ಮ ತಾಕೀತು ಮಾಡಿದ್ದ, ಅವಳ ಕೈಯಲ್ಲಿದ್ದ ನೀಲಿ ಇನ್‌ಹೇಲರ್ ಬಿದ್ದುಬಿಟ್ಟಿತು.

'ಮುಗಿಯಿತು... ಈ ಸಂಬಂಧವೂ ಹೋಯಿತು!'

ಆದರೆ ಅವನು ಓಡಲಿಲ್ಲ, ಯಾರನ್ನೂ ಕೂಗಲಿಲ್ಲ. ದೂರದಲ್ಲೇ ನಿಂತು ಕಾದ. ಅವಳ ಭುಜಗಳು ಇಳಿದ ಮೇಲೆ ಮೆಲ್ಲಗೆ ಕೇಳಿದ.

"ಈಗ ಸ್ವಲ್ಪ ಸಡಿಲ ಆಯ್ತಾ?"

ಮೋಕ್ಷಿತಾ ಬೆಚ್ಚಿ ತಲೆಯೆತ್ತಿದಳು. ಎದೆಯ ಬಿಗಿತ ಕಂಡವರಷ್ಟೇ ಕೇಳುವ ಪ್ರಶ್ನೆ ಅದು.

"ನನ್ನ ಅಮ್ಮನಿಗೂ ಅಸ್ತಮಾ ಉಂಟು. ಜೋರೇ ಉಂಟು," ಎಂದ ಸಂದೇಶ್.

"ಹಾಗಾದ್ರೆ ಬೇಡ ಅಂತ ಅಪ್ಪನ ಹತ್ರ ಈಗಲೇ ಹೇಳ್ಬಿಡಿ. ಕಾಯಿಸಬೇಡಿ."

"ಬೇಡ ಅಂತ ಯಾರು ಹೇಳಿದ್ದು ಮಾರಾಯ್ರೆ?"

ಅವನ ನಗುವಿನಲ್ಲಿ ಕರುಣೆ ಇರಲಿಲ್ಲ. ಅವಳು ಸೋತದ್ದು ಅದಕ್ಕೇ.

ಮದುವೆ ನಿಶ್ಚಯವಾಯಿತು.

ಮೋಕ್ಷಿತಾ ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಸಂದೇಶನದು ಪುಂಜಾಲಕಟ್ಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಭಾನುವಾರಗಳಲ್ಲಿ ಅವನು ಬರುತ್ತಿದ್ದ, ಇಬ್ಬರೂ ಕಡಲಕೆರೆಯ ದಂಡೆಯಲ್ಲಿ ಕೂರುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತದೆಂದು ನಗುವನ್ನೇ ಅರ್ಧಕ್ಕೆ ನಿಲ್ಲಿಸಿ ಅಭ್ಯಾಸವಾಗಿದ್ದವಳು ಅವನ ಎದುರು ಪೂರ್ತಿ ನಕ್ಕಳು. ಅಸ್ತಮಾದ ಮಾತ್ರೆಯಿಂದ ಊದಿದ ಕೆನ್ನೆಯನ್ನು ಸೆರಗಿನಲ್ಲಿ ಮರೆಮಾಡುವುದನ್ನೂ ಬಿಟ್ಟಳು.

ಆದರೆ ಬರಬರುತ್ತಾ ಸಂದೇಶನ ಮಾತು ಬದಲಾಯಿತು.

"ಐಸ್‌ಕ್ರೀಮ್ ಬೇಡ." "ಕಾರಿನ ಗ್ಲಾಸ್ ಇಳಿಸ್ಬೇಡಿ." "ಗೆಳತಿಯ ಮದುವೆಗಾ? ಅಲ್ಲಿ ಜನ, ಧೂಳು... ಬೇಡ ಬಿಡಿ."

'ಪ್ರೀತಿ ಅಲ್ವಾ...' ಎಂದು ಅವಳು ನುಂಗಿಕೊಂಡಳು.

ಒಂದು ಸಂಜೆ ಅವನು ಹೆಮ್ಮೆಯಿಂದ ಹೇಳಿದ. "ನಿಮ್ಮ ಹೆಡ್‌ಮಾಸ್ಟರರನ್ನು ಕಂಡು ಬಂದೆ. ಇನ್ನು ನೀವು ಮೆಟ್ಟಿಲು ಹತ್ತುವುದು ಬೇಡ, ಕ್ಲಾಸನ್ನು ಕೆಳಗೆ ಮಾಡಿಸಿದ್ದೇನೆ. ಮದುವೆ ಆದ ಮೇಲೆ ಕೆಲಸ ಬಿಡ್ತಾರೆ ಅಂತಲೂ ಹೇಳಿಟ್ಟಿದ್ದೇನೆ."

ಮೋಕ್ಷಿತಾಳಿಗೆ ಕೇಳಿದ್ದು ನಂಬಲಾಗಲಿಲ್ಲ.

"ನನ್ನನ್ನು ಕೇಳಿದ್ರಾ?"

"ಕೇಳುವುದೆಂತ? ನಿಮ್ಮ ಒಳ್ಳೇದಕ್ಕೇ ಅಲ್ವಾ!"

"ಎಂತ ತಿನ್ನಬೇಕು, ಎಲ್ಲಿಗೆ ಹೋಗಬೇಕು, ಎಲ್ಲವನ್ನೂ ಈ ಕಾಯಿಲೆಯೇ ತೀರ್ಮಾನ ಮಾಡ್ತದೆ. ಪಾಠ ಮಾಡುವಾಗ ಮಾತ್ರ ನಾನು ಹೇಳಿದ್ದು ನಡೀತದೆ. ಅದನ್ನೂ ಕಿತ್ಕೊಂಡ್ರಲ್ಲ!"

"ನಿಮಗೆ ಏನಾದ್ರೂ ಆದ್ರೆ..."

"ನನಗೆ ಗಂಡ ಬೇಕಿತ್ತು. ಕಾವಲುಗಾರ ಅಲ್ಲ!"

ಸಂದೇಶನ ಮುಖ ಕಪ್ಪಿಟ್ಟಿತು. "ಹೆದರಿಕೆಯೇ ಇಲ್ಲದವನನ್ನು ಹುಡುಕಿ, ಹಾಗಾದ್ರೆ," ಎಂದವನೇ ಎದ್ದು ಹೋದ. ಮತ್ತೆ ಫೋನ್ ಬರಲಿಲ್ಲ. ಅವಳೂ ಮಾಡಲಿಲ್ಲ.

ಆಮೇಲೆ ಅವಳಿಗೆ ಹಟ ಹುಟ್ಟಿತು. 'ನಾನು ರೋಗಿ ಅಲ್ಲ!' ದಿನವೂ ಬೆಳಿಗ್ಗೆ ಎಳೆದು ಬಾಯಿ ಮುಕ್ಕಳಿಸಬೇಕಿದ್ದ ಇನ್‌ಹೇಲರನ್ನು ಕಪಾಟಿಗೆ ತಳ್ಳಿದಳು. ಹಠಾತ್ತಾಗಿ ನಿಲ್ಲಿಸಬಾರದು ಎಂದು ಡಾಕ್ಟರು ಎಚ್ಚರಿಸಿದ್ದ ಮಾತ್ರೆಯನ್ನೂ ಬಿಟ್ಟಳು. ಬಿಗಿದಾಗ ಎಳೆಯಲು ನೀಲಿಯದು ಇತ್ತಲ್ಲ, ಅದೊಂದೇ ಸಾಕು. ಮೊದಮೊದಲು ಎಲ್ಲ ಸರಿಯೇ ಇತ್ತು. ಆಮೇಲೆ ಆ ನೀಲಿ ಇನ್‌ಹೇಲರ್ ಪದೇ ಪದೇ ಬೇಕಾಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಪಾಠದ ನಡುವೆ ಸ್ವರವೇ ನಿಂತುಹೋಯಿತು. ಗಾಳಿ ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಇನ್‌ಹೇಲರ್ ಎಳೆದಳು. ಇಲ್ಲ! ಮತ್ತೆ ಎಳೆದಳು... ಇಲ್ಲ! ಬೋರ್ಡು ಮಸುಕಾಯಿತು. ಪಕ್ಕದ ಕ್ಲಾಸಿನಿಂದ ಓಡಿ ಬಂದ ಶಬ್ನಾ ಟೀಚರ್ ಅವಳನ್ನು ತಬ್ಬಿಕೊಂಡೇ ಆಟೋ ಹತ್ತಿಸಿದರು.

'ಅಮ್ಮಾ... ಇಷ್ಟು ಬೇಗನಾ?' ಎಂದುಕೊಂಡದ್ದಷ್ಟೇ ಅವಳಿಗೆ ನೆನಪು.

ಐಸಿಯುವಿನಿಂದ ವಾರ್ಡಿಗೆ ತಂದ ಮೇಲೆ ಡಾಕ್ಟರ್ ಹನಾ ಬಂದು ಮಂಚದ ಪಕ್ಕ ಕೂತರು. ಮೋಕ್ಷಿತಾ ಬೈಗುಳಕ್ಕೆ ಸಿದ್ಧಳಾಗಿದ್ದಳು.

"ಮದ್ದು ಬಿಟ್ಟದ್ದು ಯಾಕೆ ಅಂತ ಆಮೇಲೆ ಹೇಳಿ," ಎಂದರು ಅವರು. "ಕಾಯಿಲೆ ನನ್ನ ಹಿಡಿತದಲ್ಲಿ ಉಂಟು ಅಂತ ನಿಮಗೆ ಅನಿಸಬೇಕಾದ್ರೆ ಎಂತ ಆಗಬೇಕು? ಅದನ್ನು ಮೊದಲು ಹೇಳಿ."

ಇಷ್ಟು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ!

"ನೇರ ಮಲಗಿ ನಿದ್ದೆ ಮಾಡಬೇಕು ಮೇಡಂ. ಒಂದು ಲೆಕ್ಕವನ್ನು ನಡುವೆ ನಿಲ್ಲಿಸದೆ ಹೇಳಿಕೊಡಬೇಕು. ಹೊರಗೆ ಹೊರಟಾಗ ಅಮ್ಮ ಬಾಗಿಲಲ್ಲಿ ಅಳಬಾರದು..."

"ಹಾಗಾದ್ರೆ ಅದಕ್ಕೆ ಸರಿಯಾಗಿ ಮದ್ದು ಮಾಡುವ. ಕೆನ್ನೆ ಊದದ ದಾರಿ ಉಂಟಾ ಅಂತಲೂ ನೋಡುವ. ಆದ್ರೆ ನಿಮ್ಮಷ್ಟಕ್ಕೆ ಏನನ್ನೂ ಬಿಡ್ಲಿಕ್ಕಿಲ್ಲ. ಆಯ್ತಾ?"

ಮೋಕ್ಷಿತಾ ತಲೆಯಾಡಿಸಿದಳು.

ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು ಗೋಡೆ ಹಿಡಿದು ನಿಂತು ಏದುಸಿರು ಬಿಡುತ್ತಿದ್ದರು. ಸಂದೇಶನ ಅಮ್ಮ ಸೇಸಮ್ಮ!

"ಅತ್ತೆ! ಒಬ್ರೇ ಬಂದ್ರಾ?"

"ಬಸ್ಸಲ್ಲಿ ಬಂದೆ ಮಗಾ. ಎಷ್ಟು ವರ್ಷ ಆಯ್ತೋ ಬಸ್ಸು ಹತ್ತದೆ!" ಸೇಸಮ್ಮ ಮಂಚದಲ್ಲಿ ಕೂತು ದಮ್ಮು ಸುಧಾರಿಸಿಕೊಂಡರು.

"ಅವನು ಕೆಟ್ಟವನಲ್ಲ. ಅವನು ಹೈಸ್ಕೂಲಲ್ಲಿ ಇರುವಾಗ ನಾನು ಅವನ ಎದುರೇ ನೀಲಿಗಟ್ಟಿ ಬಿದ್ದಿದ್ದೆ. ಅಂದಿನಿಂದ ನನ್ನ ಕೋಣೆಯ ಕಿಟಕಿ ತೆಗೀಲಿಕ್ಕೇ ಬಿಡ್ಲಿಲ್ಲ ಅವನು. ತಂಗಿಯ ಮಗಳ ಮದುವೆಯನ್ನು ನಾನು ಮೊಬೈಲಲ್ಲಿ ನೋಡಿದ್ದು. ಮಗನಿಗೆ ಬೇಜಾರಾಗ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಕಾವಲುಗಾರ ಬೇಡ ಅಂತ ನೀನು ಅವನಿಗೆ ಹೇಳಿದೆಯಲ್ಲ... ಆ ಮಾತು ನಾನು ಹೇಳಬೇಕಿತ್ತು."

ಮೋಕ್ಷಿತಾಳ ಕಣ್ಣು ತುಂಬಿತು.

"ಆದ್ರೆ ಮದ್ದಿನ ಮೇಲೆ ಎಂತ ಸಿಟ್ಟು ಮಾರಾಯ್ತಿ? ನಮ್ಮ ಜೊತೆ ನಿಲ್ಲುವುದು ಅದೊಂದೇ!"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸಂದೇಶ್ ಬಂದ. ಗಡ್ಡ ಬೆಳೆದಿತ್ತು, ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಅಮ್ಮಾ! ಆ ಧೂಳಲ್ಲಿ, ಒಬ್ರೇ..."

"ಬಂದೆ. ಸತ್ತಿಲ್ಲ, ನೋಡು." ಸೇಸಮ್ಮ ಎದ್ದರು. "ಕ್ಯಾಂಟೀನಲ್ಲಿ ಒಂದು ಚಾ ಕುಡಿದು ಬರ್ತೇನೆ."

ಸಂದೇಶ್ ಅವರ ಹಿಂದೆಯೇ ಎರಡು ಹೆಜ್ಜೆ ಇಟ್ಟ. ನಿಂತ. ಮುಷ್ಟಿ ಬಿಗಿ ಹಿಡಿದು ಅಮ್ಮ ಒಬ್ಬರೇ ಹೋಗುವುದನ್ನು ನೋಡಿದ. ಅದು ಅವನಿಗೆಷ್ಟು ಕಷ್ಟವಾಗಿತ್ತು ಎಂಬುದು ಮೋಕ್ಷಿತಾಳಿಗೆ ಕಾಣಿಸಿತು.

ಅವನು ಬಂದು ಅವಳ ಪಕ್ಕ ಕುಳಿತ. "ಹೆಡ್‌ಮಾಸ್ಟರರ ಹತ್ರ ಹೋಗಿದ್ದೆ. ತಪ್ಪು ನನ್ನದು, ಮೋಕ್ಷಿತಾ ಕೆಲಸ ಬಿಡುವುದಿಲ್ಲ ಅಂತ ಹೇಳಿ ಬಂದೆ."

"ಮತ್ತೆ ನನ್ನನ್ನು ಕೇಳದೆಯಾ?!"

ಅವನ ಪೆಚ್ಚು ಮುಖ ನೋಡಿ ಅವಳಿಗೆ ತಡೆಯಲಾರದ ನಗು ಬಂತು. ನಗುವಿನ ಬೆನ್ನಿಗೇ ಕೆಮ್ಮು. ನರ್ಸನ್ನು ಕರೆಯಲು ಅರ್ಧ ಎದ್ದವನು ಅಲ್ಲೇ ತಡೆದುಕೊಂಡ.

"ನಾನು... ಎಂತ ಮಾಡ್ಲಿ? ನೀವೇ ಹೇಳಿ."

"ಕೂತ್ಕೊಳ್ಳಿ. ಕೈ ಹಿಡ್ಕೊಳ್ಳಿ. ಅಷ್ಟೇ."

ಅವನು ಹಿಡಿದ. ಮೆಲ್ಲಗೆ ಕೆಮ್ಮು ಇಳಿಯಿತು.

"ನನಗೆ ತುಂಬಾ ಹೆದರಿಕೆ ಆಗ್ತದೆ ಮೋಕ್ಷಿತಾ. ಅಮ್ಮ ಬಿದ್ದದ್ದು ಕಣ್ಣಿಂದ ಹೋಗುವುದೇ ಇಲ್ಲ."

"ನನಗೂ ಆಗ್ತದೆ. ಈ ಸಲ ಮುಗೀತು ಅಂತಲೇ ಎಣಿಸಿದ್ದೆ. ನನಗೆ ಮಾತಾಡ್ಲಿಕ್ಕೆ ಆಗದೇ ಇರುವಾಗ ನೀವು ತೀರ್ಮಾನ ಮಾಡಿ, ಯಾರನ್ನೂ ಕಾಯಬೇಡಿ. ಮಾತಾಡ್ಲಿಕ್ಕೆ ಆಗುವಾಗ... ನನ್ನನ್ನು ಕೇಳಿ."

ಅವನು ತಲೆಯಾಡಿಸಿದ.

"ಈಗ ಒಂದು ಕೇಳ್ಲಾ?"

"ಕೇಳಿ."

"ಹಿರಿಯರು ನಿಶ್ಚಯ ಮಾಡಿದ್ದು ಅಂತ ಅಲ್ಲ... ನಿಮಗೆ ಇಷ್ಟ ಇದ್ರೆ ಮಾತ್ರ. ನನ್ನನ್ನು ಮದುವೆ ಆಗ್ತೀರಾ?"

ಅವಳು ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡಳು. ಎದೆಯ ತಳದವರೆಗೂ ಹೋಯಿತು ಅದು.

"ಆಗ್ತೇನೆ."

"ಕೇಳ್ಲಿಲ್ಲ. ಇನ್ನೊಮ್ಮೆ ಹೇಳಿ?"

"ಸ್ವಲ್ಪ ಉಸಿರು ಉಳಿಸ್ಕೊಳ್ಲಿಕ್ಕೆ ಬಿಡಿ ಮಾರಾಯ್ರೆ!" ಎಂದವಳು ಅವನ ಕೈಯನ್ನು ಮಾತ್ರ ಬಿಡಲಿಲ್ಲ.